ಬುದ್ಧಿಯವರ ದರ್ಬಾರಿನ ಇಬ್ಬರು ರಾಣಿಯರು

ಆ ಮನೆಯ ಮೆಟ್ಟಿಲು ಮೊದಲ ಸಲ ಹತ್ತಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ಜೊತೆಗೆ ಅಕ್ಕ ಇದ್ದಳು. ಬಾಗಿಲು ಇನ್ನೂ ನಾಲ್ಕು ಮಾರು ದೂರ ಇರುವಾಗಲೇ ಅವಳು ನನ್ನ ತೋಳು ಹಿಡಿದು ನಿಲ್ಲಿಸಿ, "ಏನ್ ಕೇಳುದ್ರೂ 'ಹೂಂ ಬುದ್ಧಿ' ಅನ್ನು, ಅಷ್ಟೇ. ಅವರ ಜೊತೆ ಜಾಸ್ತಿ ಮಾತಿಗೆ ನಿಂತ್ಕೋಬ್ಯಾಡ ಕಣೇ" ಎಂದಳು. ತಿಳಿದವಳ ಮಾತು ಎಂದುಕೊಂಡೆ. ಆ ಒಂದು 'ಹೂಂ' ನಮ್ಮಿಬ್ಬರಿಗೆ ಎಷ್ಟು ದುಬಾರಿಯಾಗಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ನಾನು ಆಗ ತಿಪಟೂರಿನ ಒಂದು ಟೈಲರ್ ಅಂಗಡಿಯಲ್ಲಿ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ಸಂಜೆ ಹೊತ್ತು ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೆ. ಆರತಕ್ಷತೆ, ಗಣೇಶನ ಪೆಂಡಾಲು, ಇಂಥವು. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಪೌರಾಣಿಕ ನಾಟಕದ ಸ್ತ್ರೀಪಾತ್ರಗಳಿಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕಿನವರು ಮೊದಲು ಅವಳನ್ನೇ ಕೇಳುತ್ತಿದ್ದರು. ಒಂದು ಮದುವೆಯಲ್ಲಿ ನನ್ನ ಹಾಡು ಕೇಳಿದವಳು ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಬಂದು ಕೂತು, "ಗಂಟ್ಲು ಐತೆ. ಉಸ್ರು ಎಲ್ಲಿ ತಗೋಬೇಕು ಅಂತ ಗೊತ್ತಿಲ್ಲ ನಿಂಗೆ. ಭಾನ್ವಾರ ಮನೆಗ್ ಬಾ" ಎಂದಳು.

ಅವಳ ಮನೆ ತುರುವೇಕೆರೆಯಲ್ಲಿ. ಅವಳು, ಅವಳ ತಾಯಿ, ಇಬ್ಬರೇ. ತಾಯಿಯನ್ನು ನಾನೂ ಅವ್ವ ಎಂದೇ ಕರೆಯುತ್ತಿದ್ದೆ. ಭಾನುವಾರ ಬೆಳಿಗ್ಗೆ ಬಸ್ ಇಳಿದು ಹೋದರೆ ಅಕ್ಕ ಹಾಡಿಸುತ್ತಿದ್ದಳು, ಅವ್ವ ಬಸ್ಸಾರು ಮುದ್ದೆ ಬಡಿಸುತ್ತಿದ್ದರು, ಮಧ್ಯಾಹ್ನ ಇಬ್ಬರ ತಲೆಗೂ ಕೊಬ್ಬರಿ ಎಣ್ಣೆ ತಟ್ಟುತ್ತಿದ್ದರು. ನನ್ನ ಸ್ವಂತ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರಿಂದ ಆ ಭಾನುವಾರಗಳಿಗಾಗಿ ವಾರವಿಡೀ ಕಾಯುತ್ತಿದ್ದೆ. ಬಣ್ಣ ಹಚ್ಚುವುದು, ಕಚ್ಚೆ ಹಾಕಿ ಸೀರೆ ಉಡುವುದು, ಹಿಂದಿನ ಸಾಲಿನವರಿಗೂ ಕೇಳುವಂತೆ ಅಳುವುದು, ಎಲ್ಲ ಅಕ್ಕನಿಂದ ಕಲಿತದ್ದು.

ನಾವು ಹೋದ ಮನೆ ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿನ ಕಡೆ ಹೋಗುವಾಗ, ತೆಂಗಿನ ತೋಟಗಳು ತೆಳ್ಳಗಾಗಿ ಹೊಲ ಶುರುವಾಗುವ ಕಡೆ ಇತ್ತು. ಹಿಂದೆ ಅಲ್ಲಿ ಸಣ್ಣದೊಂದು ಪಾಳೆಯಗಾರರ ವಂಶ ಆಳುತ್ತಿತ್ತಂತೆ. ಆಳುವುದು ಯಾವಾಗಲೋ ಮುಗಿದಿತ್ತು. ಉಳಿದದ್ದು ಒಂದು ದೊಡ್ಡ ತೊಟ್ಟಿಮನೆ, ಅದರ ಮುಂದೆ ಒಂದು ಕಲ್ಲಿನ ಹೆಬ್ಬಾಗಿಲು, ನವರಾತ್ರಿಯಲ್ಲಿ ಒಂಬತ್ತು ದಿನ ನಡೆಸುವ ದರ್ಬಾರು. ಊರಿನವರು ಅದನ್ನು ಅರಮನೆ ಎಂದೇ ಕರೆಯುತ್ತಿದ್ದರು, ಯಾರೂ ತಮಾಷೆಗೆ ಅನ್ನುತ್ತಿರಲಿಲ್ಲ. ಯಜಮಾನರನ್ನು ಎಲ್ಲರೂ 'ಬುದ್ಧಿ' ಎನ್ನುತ್ತಿದ್ದರು. ನಮ್ಮ ಕಡೆ ಒಡೆಯರನ್ನೂ ಸ್ವಾಮಿಗಳನ್ನೂ ಹಾಗೆಯೇ ಕರೆಯುವುದು. ಇವರ ವಿಷಯದಲ್ಲಿ ಆ ಮಾತಿಗೆ ಒಡೆತನ, ಜಾಣತನ ಎರಡೂ ಅರ್ಥ ಇತ್ತು.

ಆಗ ಅವರಿಗೆ ಎಪ್ಪತ್ತೈದು ದಾಟಿತ್ತು. ಸಣಕಲು ದೇಹ, ಕುತ್ತಿಗೆವರೆಗೆ ಗುಂಡಿ ಹಾಕಿದ ಬಿಳಿ ಕೋಟು, ಕಿವಿಗೆ ಮಿಷನ್ನು. ಬೇಡದ ಮಾತು ಬಂದಾಗ ಆ ಮಿಷನ್ನು ಕೆಟ್ಟುಹೋಗುತ್ತಿತ್ತು, ಬೇಕಾದ ಮಾತು ಅಡಿಗೆಮನೆಯಲ್ಲಿ ಆಡಿದರೂ ಕೇಳುತ್ತಿತ್ತು. ಯಾರ ಮೇಲೂ ದನಿ ಎತ್ತಿದವರಲ್ಲ. ಎದುರಿಗಿದ್ದವರನ್ನು ಹೊಗಳುತ್ತಲೂ ಇರಲಿಲ್ಲ. ಹೊಗಳುತ್ತಿದ್ದದ್ದು ಅಲ್ಲಿ ಇಲ್ಲದವರನ್ನು. ಹಾರ್ಮೋನಿಯಂ ಮೇಷ್ಟ್ರ ಮುಂದೆ ಅರಸೀಕೆರೆಯ ಇನ್ನೊಬ್ಬ ಮೇಷ್ಟ್ರ ಬೆರಳಿನ ಮಾತಾಡುತ್ತಿದ್ದರು. ಮೇಷ್ಟ್ರು ಮನೆಗೆ ಹೋಗಿ ಬೆರಳು ನೋಯುವವರೆಗೆ ಬಾರಿಸುತ್ತಿದ್ದರು. ಪರದೆ ಬರೆಯುವ ಕಲಾವಿದನ ಮುಂದೆ ನಿಂತು, "ಹೋದ ಸಲದವನು ಆಕಾಶವನ್ನ ಬಹಳ ಚೆನ್ನಾಗಿ ಬರೀತಿದ್ದ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದರು. ಆತ ಆಕಾಶವನ್ನು ಮೂರು ಸಲ ಒರೆಸಿ ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೂ ನಾವೆಲ್ಲ ಅಲ್ಲಿಗೆ ಹೋಗಲು ಹಾತೊರೆಯುತ್ತಿದ್ದೆವು. ಯಾಕೆಂದರೆ ಬೇರೆ ಕಡೆ ಜನ ಶಿಳ್ಳೆ ಹಾಕುತ್ತಿದ್ದರು, ಇಲ್ಲಿ ಕೇಳುತ್ತಿದ್ದರು. ದರ್ಬಾರಿನ ಹಜಾರದ ಮೇಲೇ ಅಟ್ಟ. ಅದರ ತುಂಬ ಕೊಬ್ಬರಿಗೆಂದು ಪೇರಿಸಿದ ಕಾಯಿ. ಆ ಒಣ ಸಿಹಿ ವಾಸನೆಯ ಕೆಳಗೆ ಮಧ್ಯಾಹ್ನ ಮೂರಕ್ಕೆ ಶ್ರುತಿ ಹಿಡಿದರೆ ದೀಪ ಹಚ್ಚುವ ಹೊತ್ತಿಗೆ ಆಟ ಮುಗಿಯುತ್ತಿತ್ತು. ಬುದ್ಧಿಯವರು ಪೇಟ ಸುತ್ತಿ ಎತ್ತರದ ಪೀಠದಲ್ಲಿ ಕೂರುತ್ತಿದ್ದರು. ಒಂದು ಸ್ವರ ಜಾರಿದರೂ ಅವರ ಎಡಹುಬ್ಬು ಮೇಲೇಳುತ್ತಿತ್ತು. ಇಡೀ ಹಜಾರದಲ್ಲಿ ನಾವು ನೋಡುತ್ತಿದ್ದದ್ದು ಆ ಹುಬ್ಬನ್ನು.

ಒಂಬತ್ತನೆಯ ದಿನ ಆಡುತ್ತಿದ್ದ ನಾಟಕ ಅವರ ತಾತ ಬರೆದದ್ದು. ಒಬ್ಬ ರಾಜ, ಇಬ್ಬರು ರಾಣಿಯರು. ಮಕ್ಕಳಿಲ್ಲದ ಹಿರಿಯ ರಾಣಿ ಕೊನೆಯಲ್ಲಿ ತನ್ನ ಪಟ್ಟವನ್ನು ತಾನೇ ಕಿರಿಯಳಿಗೆ ಬಿಟ್ಟುಕೊಟ್ಟು, ಅವಳನ್ನು ತಬ್ಬಿ, ಕಾಡಿಗೆ ಹೊರಟುಹೋಗುತ್ತಾಳೆ. ಅಕ್ಕ ಹಿರಿಯ ರಾಣಿ, ನಾನು ಕಿರಿಯಳು. ಮೊದಲ ವರ್ಷ ನಾವು ಚೆನ್ನಾಗಿಯೇ ಮಾಡಿದೆವು. ಜನ ಚಪ್ಪಾಳೆ ತಟ್ಟಿದರು. ಬುದ್ಧಿಯವರು, "ಚೆನ್ನಾಗಿತ್ತು" ಎಂದು ಎದ್ದುಹೋದರು. ಮೇಷ್ಟ್ರು ಹಾರ್ಮೋನಿಯಂ ಮುಚ್ಚುತ್ತಾ, "ಹಂಗಂದ್ರೆ ಸಾಲ್ದು ಅಂತ ಕಣಮ್ಮ" ಎಂದರು.

ಎರಡನೆಯ ವರ್ಷ ತಾಲೀಮು ಶುರುವಾದಾಗ ನಮ್ಮಿಬ್ಬರನ್ನೂ ಬೇರೆ ಬೇರೆ ದಿನ ಕರೆಸಿದರು. ಯಾಕೆಂದು ಕೇಳುವ ಧೈರ್ಯ ಯಾರಿಗಿತ್ತು? ನನ್ನ ದಿನ ನಾನು ಹೋದೆ. ಹಾಡಿಸಿ ಮುಗಿದ ಮೇಲೆ ಅವರೇ ಎಳನೀರು ತರಿಸಿ ಕೊಟ್ಟು ಕೇಳಿದರು.

"ಏನಮ್ಮಣ್ಣಿ, ನಿಮ್ಮಕ್ಕನಿಗೆ ಈಚೀಚೆಗೆ ಮೇಲಿನ ಸ್ಥಾಯಿ ಸ್ವಲ್ಪ ಕಷ್ಟ ಆಗ್ತಿದೆ ಅಲ್ಲವೇ?"

ಅದು ನಿಜವೂ ಆಗಿತ್ತು. "ಹೂಂ ಬುದ್ಧಿ" ಎಂದೆ.

"ವಯಸ್ಸು. ಏನು ಮಾಡೋಕಾಗುತ್ತೆ" ಎಂದರು. ಮತ್ತೆ ಸ್ವಲ್ಪ ತಡೆದು, ಹೇಳಬಾರದ್ದನ್ನು ಹೇಳುವವರ ಹಾಗೆ, "ಅವಳೂ ನಿನ್ನ ವಿಷಯ ಹೇಳ್ತಿದ್ಲು. ಬಿಡು, ಯಾಕೆ" ಎಂದರು.

ನಾನು ಬಿಡಲಿಲ್ಲ. ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಎರಡು ಸಲ ಕೇಳಿದ ಮೇಲೆ ಹೇಳಿದರು: "ಎಷ್ಟು ತಿದ್ದಿದರೂ ಆರ್ಕೆಸ್ಟ್ರಾ ಗಂಟಲು ಆರ್ಕೆಸ್ಟ್ರಾ ಗಂಟಲೇ ಅಂದ್ಲು."

ತಿಪಟೂರಿನವರೆಗೆ ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಆಮೇಲೆ ತಿಳಿದದ್ದೇನೆಂದರೆ, ಮಾರನೆಯ ದಿನ ಅಕ್ಕನಿಗೆ ಅವರು ಹೇಳಿದ್ದು ಬರೀ ಸುಳ್ಳೇನಲ್ಲ: "ನಿನ್ನ ತಂಗಿ ಒಪ್ಪಿಕೊಂಡಳು, ನಿನಗೆ ಮೇಲಿನ ಸ್ಥಾಯಿ ಹೋಯ್ತಂತೆ. ಹಿರಿಯ ರಾಣಿ ಪಾತ್ರ ತನಗೆ ಬರಬಹುದು ಅಂತ ಆಸೆ ಇಟ್ಕೊಂಡಿದ್ದಾಳೆ." ಆಸೆಯ ಮಾತನ್ನು ನಾನು ಆಡಿರಲಿಲ್ಲ. ಆದರೆ ಆಸೆ ಇರಲಿಲ್ಲವೇ ಎಂದು ಈಗ ಕೇಳಿಕೊಂಡರೆ, ಇತ್ತು.

ನಾವು ಜಗಳ ಆಡಲಿಲ್ಲ. ಆಡಿದ್ದರೆ ಅವತ್ತೇ ಎಲ್ಲ ಹೊರಬೀಳುತ್ತಿತ್ತು. ಮುಂದಿನ ಭಾನುವಾರ ನಾನು ತುರುವೇಕೆರೆಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಅವಳು ಫೋನ್ ಮಾಡಲಿಲ್ಲ. ಮಾಡಲಿಲ್ಲವಲ್ಲ ಎಂದು ನಾನು ಇನ್ನೂ ಉರಿದುಕೊಂಡೆ.

ಆ ವರ್ಷ ಒಂಬತ್ತನೆಯ ದಿನ ಹಜಾರದಲ್ಲಿ ಏನಾಯಿತೆಂದು ಹೇಳುವುದು ಕಷ್ಟ. ಅವಳು ಒಂದು ಸಾಲು ಹಾಡಿದರೆ ನಾನು ಅದಕ್ಕಿಂತ ಒಂದು ಕೂದಲು ಮೇಲೆ ಹಾಡಲು ನೋಡುತ್ತಿದ್ದೆ. ಅವಳು ಪಟ್ಟದ ಸರ ತೆಗೆದು ನನ್ನ ಕೊರಳಿಗೆ ಹಾಕುವಾಗ ಅವಳ ಕಣ್ಣಿನಲ್ಲಿದ್ದದ್ದು ನಟನೆಯಾಗಿರಲಿಲ್ಲ. ಕೊನೆಯ ಅಪ್ಪುಗೆಯಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಲೇ ಇಲ್ಲ. ತೋಳನ್ನು ಸುತ್ತ ಹಿಡಿದುಕೊಂಡು ನಿಂತೆವು, ಅಷ್ಟೇ. ಹಜಾರದಲ್ಲಿ ಹೆಂಗಸರು ಬಿಕ್ಕಿ ಬಿಕ್ಕಿ ಅತ್ತರು. ಬುದ್ಧಿಯವರ ಹುಬ್ಬು ಅಲುಗಲಿಲ್ಲ. ಅವರ ಕೆನ್ನೆ ಒದ್ದೆಯಾಗಿತ್ತು.

ಹೀಗೆ ನಾಲ್ಕು ವರ್ಷ. ನಮ್ಮ ನಾಟಕ ನೋಡಲು ಬೋರನಕಣಿವೆ ಆಚೆಯಿಂದಲೂ ಜನ ಬರತೊಡಗಿದರು. ತಾಲೀಮು ಎಂದೂ ಇಬ್ಬರಿಗೂ ಒಂದೇ ದಿನ ಇರಲಿಲ್ಲ. ನಡುವೆ ನನ್ನ ಮದುವೆಯಾಯಿತು. ಅಕ್ಕನಿಗೆ ಕೊಡಿ ಎಂದು ಒಂದು ಲಗ್ನಪತ್ರಿಕೆಯನ್ನು ಬುದ್ಧಿಯವರ ಕೈಗೇ ಕೊಟ್ಟಿದ್ದೆ. ನಾನೇ ಹೋಗಿ ಕೊಡಲು ಬಿಗುಮಾನ. ಧಾರೆಯ ಹೊತ್ತಿನಲ್ಲೂ ಛತ್ರದ ಬಾಗಿಲು ನೋಡುತ್ತಿದ್ದೆ. ಅವಳು ಬರಲಿಲ್ಲ.

ಐದನೆಯ ವರ್ಷದ ನವರಾತ್ರಿಯಲ್ಲಿ ಅಕ್ಕ ಹಾಡಿದ ಹಾಗೆ ಯಾರೂ ಹಾಡಿದ್ದನ್ನು ನಾನು ಕೇಳಿಲ್ಲ. ಕಾಡಿಗೆ ಹೊರಡುವ ಹಾಡಿನಲ್ಲಿ ಅವಳ ದನಿ ಎರಡು ಕಡೆ ನಿಂತೇಹೋಯಿತು. ಮೇಷ್ಟ್ರು ಬೆರಳು ಎತ್ತಿ ಕಾದರು. ನಾನು ಪಕ್ಕದಲ್ಲಿ ನಿಂತು, ನನ್ನನ್ನು ಸೋಲಿಸಲು ಎಂಥ ಹೊಸ ಪಟ್ಟು ಕಲಿತಿದ್ದಾಳೆ ಎಂದು ಯೋಚಿಸುತ್ತಿದ್ದೆ. ದೇವರೇ, ಅದನ್ನೇ ಯೋಚಿಸುತ್ತಿದ್ದೆ.

ಮುಂದಿನ ವರ್ಷ ಶ್ರಾವಣದಲ್ಲಿ ತುರುವೇಕೆರೆಯಲ್ಲಿ ಒಂದು ಕಾರ್ಯಕ್ರಮ ಮುಗಿಸಿ ತುಮಕೂರಿನ ಬಸ್ ಹತ್ತಿದೆ. ಒಂದೇ ಸೀಟು ಖಾಲಿ ಇತ್ತು. ಕೂತ ಮೇಲೆ ನೋಡಿದರೆ ಪಕ್ಕದಲ್ಲಿ ಅಕ್ಕ. ಏಳುವ ಹಾಗಿಲ್ಲ, ಕೂರುವ ಹಾಗಿಲ್ಲ. ಅವಳು ಕಿಟಕಿಗೆ ತಿರುಗಿದಳು. ನಾನು ಬ್ಯಾಗು ತೆರೆದು ಏನೋ ಹುಡುಕತೊಡಗಿದೆ.

ಅಮ್ಮಸಂದ್ರದ ಹತ್ತಿರ ಮುಂದೆ ಒಂದು ತೆಂಗಿನ ನಾರಿನ ಲಾರಿ ರಸ್ತೆಗೆ ಅಡ್ಡ ಮಗುಚಿಕೊಂಡಿತ್ತು. ಬಸ್ ನಿಂತಿತು. ಒಂದು ಗಂಟೆ, ಒಂದೂವರೆ ಗಂಟೆ. ಗಂಡಸರೆಲ್ಲ ಇಳಿದರು. ಸೆಕೆ. ಅವಳು ತನ್ನ ಬಾಟಲಿಯಿಂದ ನೀರು ಕುಡಿದು, ಸ್ವಲ್ಪ ಹೊತ್ತು ಮುಚ್ಚಳ ಹಾಕದೆ ಹಾಗೇ ಹಿಡಿದಿದ್ದು, ನನ್ನ ಕಡೆ ಚಾಚಿದಳು. ತೆಗೆದುಕೊಂಡು ಕುಡಿದೆ. ಕುಡಿದ ಮೇಲೆ ಏನಾದರೂ ಆಡಲೇಬೇಕಲ್ಲ.

"ಅವ್ವ ಹೆಂಗವ್ರೆ?" ಎಂದೆ.

ಅವಳು ಪೂರ್ತಿ ತಿರುಗಿ ನನ್ನ ಮುಖ ನೋಡಿದಳು. "ಏನೇ ಹಿಂಗ್ ಕೇಳ್ತೀಯ? ಅವ್ವ ಹೋಗಿ ವರ್ಸ ಆಗ್ತಾ ಬಂತು."

ಬಾಟಲಿಯನ್ನು ಮಡಿಲಲ್ಲಿಟ್ಟು ಅವಳ ಕಡೆ ತಿರುಗಿದೆ.

"ಆಸ್ಪತ್ರೇಲಿ ಹದಿನೈದು ದಿನ ಇದ್ಲು. ದಿನಾ ನಿನ್ನೇ ಕೇಳೋಳು. ಬುದ್ಧಿಯವ್ರಿಗೆ ಫೋನ್ ಮಾಡಿ, ಅವ್ಳಿಗೆ ತಿಳ್ಸಿ, ಒಂದ್ ಗಳಿಗೆ ಬಂದು ಹೋಗ್ಲಿ ಅಂದೆ. ಹೇಳಿದೀನಿ, ಬರಾಕೆ ಪುರ್ಸೊತ್ತಿಲ್ಲ ಅಂದ್ಲು ಅಂದ್ರು. ಮಣ್ಣಿಗಾದ್ರೂ ಬತ್ತೀಯ ಅಂತಿದ್ದೆ ಕಣೇ."

"ನಂಗ್ಯಾರೂ ಹೇಳ್ಲಿಲ್ಲಕ್ಕ" ಎಂದೆ. "ಅವ್ವನ ಆಣೆಗೂ ಹೇಳ್ಲಿಲ್ಲ."

ಆಮೇಲೆ ಒಂದೊಂದೇ ಹೊರಗೆ ಬಂತು. ಲಗ್ನಪತ್ರಿಕೆ ಅವಳ ಕೈ ಸೇರಿರಲಿಲ್ಲ. ಆರ್ಕೆಸ್ಟ್ರಾ ಗಂಟಲಿನ ಮಾತು ಅವಳು ಆಡಿರಲಿಲ್ಲ. ಅವಳು ಹೇಳಿದ್ದು, "ಆರ್ಕೆಸ್ಟ್ರಾದಿಂದ ಬಂದ್ ಗಂಟ್ಲು, ಎಷ್ಟ್ ಬೇಗ ತಿದ್ಕೊಂಡ್ಲು ನೋಡಿ ಬುದ್ಧಿ" ಎಂದು. ನಾನು ಆಡಿದ ಒಂದು 'ಹೂಂ' ಅವಳ ಹತ್ತಿರ ಹೋಗುವಾಗ ಎಷ್ಟು ಉದ್ದವಾಗಿತ್ತು ಎಂದು ಅವಳು ಹೇಳಿದಳು. ಹೋದ ವರ್ಷ ಹಾಡಿನ ನಡುವೆ ಅವಳ ದನಿ ನಿಂತದ್ದು ಅವ್ವ ಹೋದ ಒಂದು ತಿಂಗಳಿಗೆ. ಲಾರಿ ಎತ್ತಿ ಬಸ್ ಹೊರಟಾಗ ನಾವಿಬ್ಬರೂ ಒಂದೇ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದೆವು. ಕಂಡಕ್ಟರ್ ನಮ್ಮನ್ನು ನೋಡಿ, ಯಾರೋ ತೀರಿಕೊಂಡಿರಬೇಕು ಎಂದು ದನಿ ತಗ್ಗಿಸಿಕೊಂಡು ಮುಂದೆ ಹೋದ.

ಅದರ ಮಾರನೆಯ ವಾರ ಇಬ್ಬರೂ ಒಟ್ಟಿಗೆ ಅರಮನೆಗೆ ಹೋದೆವು. ಬುದ್ಧಿಯವರು ಊಟ ಮುಗಿಸಿ ಪಡಸಾಲೆಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವರೇ ಅಡಕತ್ತರಿ ಕೆಳಗಿಟ್ಟರು.

"ಕೂತ್ಕೊಳ್ಳಿ" ಎಂದರು. ನಾವು ಕೂರಲಿಲ್ಲ.

"ಯಾಕ್ ಹಿಂಗ್ ಮಾಡುದ್ರಿ ಬುದ್ಧಿ?" ಎಂದಳು ಅಕ್ಕ.

"ಮೊದಲನೇ ವರ್ಷ ನೀವಿಬ್ಬರು ಯಾರೋ ಇಬ್ಬರು ಒಳ್ಳೆ ಹೆಂಗಸರು ನಾಟಕ ಆಡ್ದಂಗೆ ಆಡಿದ್ರಿ" ಎಂದರು. ತಪ್ಪು ಒಪ್ಪಿಕೊಳ್ಳುವ ದನಿಯಲ್ಲ. ಪಾಠ ಹೇಳುವ ದನಿ. "ಆಮೇಲೆ ರಾಣಿಯರಾದ್ರಿ. ನಮ್ಮ ತಾತ ಬರೆದದ್ದನ್ನ ಸಾಯೋ ಮುಂಚೆ ಒಂದು ಸಲ ಸರಿಯಾಗಿ ನೋಡಬೇಕು ಅಂತಿತ್ತು. ನಾಲ್ಕು ಸಲ ನೋಡಿದೆ. ನಿಮಗೆ ಹೆಸರು ಬರ್ಲಿಲ್ಲವೇ?"

ಬಂದಿತ್ತು.

"ನಮ್ಮವ್ವ?" ಎಂದಳು ಅಕ್ಕ.

ಅವರು ಕಿವಿಗೆ ಕೈ ಹಚ್ಚಿದರು, ಮಿಷನ್ನು ಸರಿ ಇಲ್ಲ ಎನ್ನುವ ಹಾಗೆ. ಅಕ್ಕ ಹತ್ತಿರ ಹೋಗಿ ಬಗ್ಗಿ, ಅದೇ ಕಿವಿಗೆ ಮತ್ತೆ ಹೇಳಿದಳು. "ನಮ್ಮವ್ವ ಬುದ್ಧಿ. ಸಾಯೋ ಮುದ್ಕಿ ಇವ್ಳನ್ನ ನೋಡ್ಬೇಕು ಅಂದ್ಲು. ಅದನ್ನ ಯಾವ್ ನಾಟ್ಕಕ್ಕೆ ಅಂತ ಮುಚ್ಚಿಟ್ರಿ?"

ಅವರ ತುಟಿ ಅಲುಗಿತು. "ನವರಾತ್ರಿ ಹತ್ರ ಬಂದಿತ್ತು" ಎಂದರು. ಹೇಳಿದ ಮೇಲೆ ಆ ಮಾತು ಎಂಥದೆಂದು ಅವರಿಗೂ ಕೇಳಿಸಿರಬೇಕು. ತಲೆ ತಗ್ಗಿಸಿದರು. ಅವರು ಯಾರ ಮುಂದಾದರೂ ತಲೆ ತಗ್ಗಿಸಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಹೊರಟು ಹೆಬ್ಬಾಗಿಲವರೆಗೆ ಬಂದಿದ್ದೆವು. ಹಿಂದಿನಿಂದ ಅವರು ಕರೆದರು: "ಅಮ್ಮಣ್ಣಿ, ನೀನು ಒಂದು ನಿಮಿಷ ಬಾ." ನನ್ನನ್ನೇ. ಅಕ್ಕ ನಿಂತಳು, ನಾನು ಹಿಂದಕ್ಕೆ ಹೋದೆ.

"ಅವಳಿಗೆ ಮನಸ್ಸು ಮುರಿದಿದೆ, ಇನ್ನು ಆಡೋದಿಲ್ಲ" ಎಂದರು ಮೆಲ್ಲಗೆ. "ಈ ಸಲ ಹಿರಿಯ ರಾಣಿ ನೀನೇ ಮಾಡು. ನಿನ್ನ ಗಂಟಲು ಈಗ ಅದಕ್ಕೆ ಬಂದಿದೆ."

ಇಲ್ಲಿ ನಾನು ಸುಳ್ಳು ಬರೆಯಬಾರದು. ನಾನು ತಕ್ಷಣ ಆಗುವುದಿಲ್ಲ ಎನ್ನಲಿಲ್ಲ. ಐದು ವರ್ಷ ಪಕ್ಕದಲ್ಲಿ ನಿಂತು ಕೇಳಿದ ಆ ಹಾಡು, ಆ ಹಜಾರ, ಆ ಹುಬ್ಬು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ತಿರುಗಿ ನೋಡಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಮಾತು ಕೇಳಿಸಿರಲಿಲ್ಲ, ಆದರೆ ಅರ್ಥವಾಗಿತ್ತು. ನಾನು ಏನೂ ಹೇಳದೆ ನಡೆದು ಬಂದುಬಿಟ್ಟೆ. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತ ಮೇಲೆ, "ಕೇಳುದ್ರಾ, ದೊಡ್ಡ್ ರಾಣಿ ಆಗು ಅಂತ?" ಎಂದಳು.

"ಹೂಂ."

"ಆಸೆ ಆಯ್ತಾ?"

"ಆಯ್ತಕ್ಕ."

ಅವಳು ನಕ್ಕಳು. ನಾಲ್ಕು ವರ್ಷದಲ್ಲಿ ಆ ನಗು ನಾನು ಕೇಳಿರಲಿಲ್ಲ. "ಆಗ್ದೆ ಇರ್ತದಾ? ನಾನಾಗಿದ್ರೂ ಆಗ್ತಿತ್ತು ಬುಡು. ಅವ್ರ್ ಚಾಡಿ ಇಲ್ದೆ ಒಂದ್ ಸಲ ಆಡಾಣ ಕಣೇ, ಇಬ್ರೂ ಸೇರ್ಕೊಂಡು. ನೀನು ದೊಡ್ಡೋಳು, ನಾನು ಚಿಕ್ಕೋಳು."

ಆ ವರ್ಷ ಹಾಗೆಯೇ ಆಡಿದೆವು. ತಾಲೀಮಿಗೆ ಇಬ್ಬರೂ ಒಟ್ಟಿಗೇ ಹೋದೆವು. ಒಂದೇ ಕನ್ನಡಿಯಲ್ಲಿ ಬಣ್ಣ ಹಚ್ಚಿಕೊಂಡೆವು. ನಲವತ್ತೊಂದು ವರ್ಷದ ಕಿರಿಯ ರಾಣಿಯನ್ನು ಇಪ್ಪತ್ತೊಂಬತ್ತು ವರ್ಷದ ಹಿರಿಯ ರಾಣಿ ತಬ್ಬಿದಾಗ ನಿಜವಾಗಿ ತಬ್ಬಿದೆವು, ಅವಳ ಮುಡಿಯ ಮಲ್ಲಿಗೆ ನನ್ನ ಮೂಗಿಗೆ ಬಡಿದು ಸೀನು ಬರುವ ಹಾಗಾಯಿತು. ನಮಗೆ ಅಷ್ಟು ಸಂತೋಷವಾದ ನಾಟಕ ಇನ್ನೊಂದಿಲ್ಲ. ಆದರೆ ಹಜಾರದಲ್ಲಿ ಯಾರೂ ಅಳಲಿಲ್ಲ. ಜನ ಚಪ್ಪಾಳೆ ತಟ್ಟಿ ಎದ್ದರು. ಹೊರಗೆ ಚಪ್ಪಲಿ ಹುಡುಕುತ್ತಿದ್ದ ಒಬ್ಬ ಅಜ್ಜಿ, "ಯಾಕೋ ಹೋದ್ ಸಲದಂಗೆ ಇರ್ಲಿಲ್ಲ ಕಣ್ರೀ" ಎಂದದ್ದು ನಮಗೆ ಸ್ಪಷ್ಟವಾಗಿ ಕೇಳಿಸಿತು.

ಬುದ್ಧಿಯವರು ಪೀಠದಿಂದ ಇಳಿಯುತ್ತಾ ನಮ್ಮ ಕಡೆ ನೋಡಿ, "ಚೆನ್ನಾಗಿತ್ತು" ಎಂದರು. ನಾವು ಮೂವರೂ ನಕ್ಕುಬಿಟ್ಟೆವು. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಸಿಟ್ಟು ಇರಲಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಬಂತು.

ಅದೇ ಕೊನೆಯ ದರ್ಬಾರು. ಮುಂದಿನ ವರ್ಷ ಅವರು ಹಾಸಿಗೆ ಹಿಡಿದರು. ನೋಡಲು ಬನ್ನಿ ಎಂದು ಅವರ ಸೊಸೆ ಫೋನ್ ಮಾಡಿದಾಗ ಅಕ್ಕ ಮೊದಲು ಬರುವುದಿಲ್ಲ ಎಂದಳು, ಆಮೇಲೆ ಅವಳೇ ಮೊದಲು ರೆಡಿಯಾಗಿ ನಿಂತಳು. ಬುದ್ಧಿಯವರಿಗೆ ಗುರುತು ಸಿಕ್ಕಿತು. ಹಾಡಿ ಎಂದು ಕೈಸನ್ನೆ ಮಾಡಿದರು. ಕಾಡಿಗೆ ಹೊರಡುವ ಹಾಡನ್ನು ಇಬ್ಬರೂ ಸೇರಿ, ಅರ್ಧ ದನಿಯಲ್ಲಿ, ಮಂಚದ ಪಕ್ಕ ನೆಲದ ಮೇಲೆ ಕೂತು ಹಾಡಿದೆವು. ಮುಗಿದ ಮೇಲೆ ಅವರು ಅಕ್ಕನನ್ನು ಹತ್ತಿರ ಕರೆದು ಏನೋ ಪಿಸುಗುಟ್ಟಿದರು. ಹೊರಗೆ ಬಂದು ಕೇಳಿದರೆ, "ನಿನ್ನ ತಂಗಿ ನಿನಗಿಂತ ಒಂದು ತೂಕ ಮೇಲೆ ಹಾಡಿದಳು ಅಂದ್ರು ಕಣೇ" ಎಂದಳು ಅಕ್ಕ. ಕಣ್ಣು ಒರೆಸಿಕೊಳ್ಳುತ್ತಲೇ ನಗುತ್ತಿದ್ದಳು. ಅವರು ನಮ್ಮ ಬಳಿ ಕ್ಷಮೆ ಕೇಳಲಿಲ್ಲ. ಅದಾದ ಮೂರು ವಾರಕ್ಕೆ ಹೋದರು.

ಈಗ ನಾನು ತಿಪಟೂರಿನಲ್ಲಿ ನಾಟಕದ ಹಾಡು ಹೇಳಿಕೊಡುತ್ತೇನೆ. ಸಂಜೆ ಆರೇಳು ಹೆಣ್ಣುಮಕ್ಕಳು ಬರುತ್ತಾರೆ. ಹೋದ ತಿಂಗಳು ಒಬ್ಬ ಹುಡುಗಿ ಎಷ್ಟು ಹೇಳಿದರೂ ಒಂದು ಸಾಲನ್ನು ಉದಾಸೀನವಾಗಿ ಹಾಡುತ್ತಿದ್ದಳು. ಅವಳ ಗೆಳತಿ ಅವತ್ತು ಬಂದಿರಲಿಲ್ಲ. "ಅವಳು ಇದನ್ನ ಎಷ್ಟು ಚೆನ್ನಾಗಿ ಹಾಡ್ತಾಳೆ ಗೊತ್ತಾ, ನಿನ್ನ ಬಗ್ಗೆ ಏನಂದ್ಲು ಗೊತ್ತಾ" ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಹೇಳಿದ್ದರೆ ಅವಳು ಮಾರನೆಯ ದಿನ ಬೆಂಕಿಯ ಹಾಗೆ ಹಾಡುತ್ತಿದ್ದಳು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನುಂಗಿಕೊಂಡೆ. ಆ ಸಾಲು ಇವತ್ತಿಗೂ ಉದಾಸೀನವಾಗಿಯೇ ಇದೆ.

ಆ ದರ್ಬಾರಿನ ನೆನಪಾದಾಗ ಎದೆ ತುಂಬಿ ಬರುತ್ತದೆ ಎಂದರೆ ನನ್ನ ಗಂಡನಿಗೆ ಅರ್ಥವಾಗುವುದಿಲ್ಲ. "ಅಷ್ಟು ಮೋಸ ಮಾಡಿದೋರನ್ನ ಏನಂತ ನೆನೆಸ್ಕೊಳ್ತೀಯ?" ಎನ್ನುತ್ತಾರೆ. ಅವರು ಹೇಳುವುದು ಸರಿ. ಅವ್ವನ ಕೊನೆಯ ದಿನಗಳನ್ನು ನನ್ನಿಂದ ಕಸಿದವರನ್ನು ನಾನು ಕ್ಷಮಿಸಿಲ್ಲ. ಆದರೂ ಅಟ್ಟದ ಕೊಬ್ಬರಿಯ ವಾಸನೆಯ ಕೆಳಗೆ, ಒಂದು ಸ್ವರವೂ ವ್ಯರ್ಥವಾಗದಂತೆ ನಮ್ಮನ್ನು ಕೇಳಿಸಿಕೊಂಡವರು ಅವರೊಬ್ಬರೇ. ಇವೆರಡನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡೇ ಇಷ್ಟು ವರ್ಷ ಕಳೆದಿದ್ದೇನೆ.

ಅಕ್ಕನಿಗೆ ಈಗ ಮಂಡಿನೋವು, ನಾಟಕ ಬಿಟ್ಟಿದ್ದಾಳೆ. ಭಾನುವಾರ ನಾನು ತುರುವೇಕೆರೆಗೆ ಹೋಗುತ್ತೇನೆ. ಅವಳು ಮುದ್ದೆ ತಿರುವುತ್ತಾಳೆ, ನಾನು ಸೊಪ್ಪು ಬಿಡಿಸುತ್ತೇನೆ. ಹಾಡು ಎಂದು ಅವಳು ಕೇಳಿದರೆ ಹಾಡುತ್ತೇನೆ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಅವಳು ಮುಖದ ಮೇಲೇ ಹೇಳುತ್ತಾಳೆ.